ಭಂಗಾರದಲ್ಲಿಯ ಬಂಗಾರ

ನಮ್ಮ ಬೀದರ ಕಡೆ ಗುಜರಿ ಸಾಮಾನಿಗೆ ‘ಭಂಗಾರ’ ಎನ್ನುತ್ತಾರೆ. ಮೊದಲಕ್ಷರದ ಉಸಿರು ತೆಗೆದರೆ ಅದೇ ಬಂಗಾರ. ಕೆಟ್ಟ ರೇಡಿಯೋ, ಹಳೆಯ ಮೊಬೈಲು, ಕ್ಯಾಲ್ಕುಲೇಟರುಗಳನ್ನು ತೂಕಕ್ಕೆ ಹಾಕುವ ನಮಗೆ ಇದು ಹೊಳೆಯುವುದೇ ಇಲ್ಲ.

ನಾನು ಔರಾದ ತಾಲೂಕಿನ ಶಾಲೆಯೊಂದರಲ್ಲಿದ್ದಾಗ, ಎಂಟನೆಯ ತರಗತಿಯ ಹುಡುಗಿಯೊಬ್ಬಳು ತಾನೇ ಬಿಚ್ಚಿ ಸರಿಮಾಡಿದ ರೇಡಿಯೋ ತಂದಳು. ಮೀಡಿಯಂ ವೇವ್‌ನಲ್ಲಿ ಯಾವ ಸ್ಟೇಶನ್ನೂ ಇಲ್ಲದ ಕಡೆ ಮುಳ್ಳು ನಿಲ್ಲಿಸಿ, ಪಕ್ಕದಲ್ಲಿ ಹಳೆಯ ಕ್ಯಾಲ್ಕುಲೇಟರ್ ಹಿಡಿದಳು. ಗುಂಡಿ ಒತ್ತಿದಂತೆಲ್ಲ ರೇಡಿಯೋದ ಗುಂಯ್‌ಗುಡುವ ದನಿ ಬದಲಾಯಿತು. ಮಾಯೆಯೇನಲ್ಲ. ಕ್ಯಾಲ್ಕುಲೇಟರಿನೊಳಗಿನ ಮಿಡಿತ ಸಣ್ಣ ಅಲೆಯಾಗಿ ಹೊರಗೆ ಸೋರುತ್ತದೆ. ರೇಡಿಯೋ ಅದನ್ನು ಹಿಡಿದು ಕೇಳಿಸುತ್ತದೆ. ಗೆಳತಿಯರು ಡಬ್ಬಿ ಬಡಿದು ತಾಳ ಹಾಕಿದರು. ಆಗ ಬಂದ ಹಿರಿಯರೊಬ್ಬರು ಎರಡೇ ಮಾತು ಹೇಳಿದರು: ಇದು ಸಂಗೀತವಲ್ಲ, ಯಂತ್ರ ಬಿಚ್ಚುವುದು ಹುಡುಗಿಯರ ಕೆಲಸವಲ್ಲ. ಆ ಹುಡುಗಿ ಮತ್ತೆ ರೇಡಿಯೋ ತರಲಿಲ್ಲ.

ಆ ಎರಡೂ ಮಾತು ಸುಳ್ಳು.

ಸಂಗೀತವಲ್ಲವೇ? ಹಾರ್ಮೋನಿಯಂ ನಮ್ಮ ರಾಗಗಳಿಗೆ ತಕ್ಕುದಲ್ಲವೆಂದು 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಅದನ್ನು ನಿಷೇಧಿಸಿತು. 1971ರವರೆಗೆ ಅದು ಬಾಗಿಲ ಹೊರಗೇ ನಿಂತಿತ್ತು. ಇಂದು ಭಾಲ್ಕಿಯಲ್ಲಿ ಪೇಟಿಯಿಲ್ಲದೆ ಭಜನೆಗೆ ಕೂಡ್ರುವವರು ಯಾರಿದ್ದಾರೆ ಹೇಳಿ?

ಹೆಣ್ಣಿನ ಕೆಲಸವಲ್ಲವೇ? 1958ರಲ್ಲಿ ಬಿ.ಬಿ.ಸಿ.ಯ ಧ್ವನಿ ಕಾರ್ಯಾಗಾರ ಕಟ್ಟಿದವರಲ್ಲಿ ಡ್ಯಾಫ್ನಿ ಓರಮ್ ಒಬ್ಬರು. ಮುಂದೆ ಅಲ್ಲಿಗೆ ಬಂದ ಡೆಲಿಯಾ ಡರ್ಬಿಶೈರ್ ದೀಪದ ಲೋಹದ ಮುಚ್ಚಳ ಬಡಿದು, ಆ ನಾದವನ್ನು ಟೇಪಿನಲ್ಲಿ ಹಿಡಿದು, ಟೇಪು ಕತ್ತರಿಸಿ ಅಂಟಿಸಿ ಸಂಗೀತ ಮಾಡಿದರು. ಸೂಜಿಗೆ ದಾರ ಪೋಣಿಸುವ ಕೈಗೆ ತಂತಿ ಜೋಡಿಸುವುದೇನು ಮಹಾ?

ಬಿದರಿ ಪಾತ್ರೆಗೆ ಆ ಹೊಳೆಯುವ ಕಪ್ಪು ಬರುವುದು ನಮ್ಮ ಕೋಟೆಯ ಹಳೆಯ ಮಣ್ಣಿನಿಂದ. ಬರೀ ಮಣ್ಣೆಂದು ಕುಶಲಕರ್ಮಿಗಳು ಅದನ್ನು ಬಿಟ್ಟಿದ್ದರೆ ಬೀದರಿಗೆ ಈ ಹೆಸರೆಲ್ಲಿತ್ತು?

ಸಂಗೀತ ಶಿಕ್ಷಕರಿಲ್ಲದ ಶಾಲೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಪರದೆ ಒಡೆದ ಮೊಬೈಲೊಂದು ಅಲ್ಲಿ ತಂಬೂರಿಯ ಶ್ರುತಿ ಕೊಡಬಲ್ಲದು. ಕೆಟ್ಟ ಟೇಪ್ ರೆಕಾರ್ಡರಿನ ಸ್ಪೀಕರು ಇನ್ನೊಂದಕ್ಕೆ ದನಿಯಾಗಬಲ್ಲದು. ಕಲಿಯುವ ಕಿವಿಗೆ ಇಷ್ಟು ಸಾಕು.

ಆದರೆ ಮಗ ರೇಡಿಯೋ ಬಿಚ್ಚಿದರೆ ಇಂಜಿನಿಯರ್ ಆಗುತ್ತಾನೆಂದು ಹಿಗ್ಗುತ್ತೇವೆ. ಮಗಳು ಬಿಚ್ಚಿದರೆ ಹಾಳುಮಾಡಿದಳೆಂದು ಬೈಯುತ್ತೇವೆ. ತಾಯಂದಿರೇ, ಇದೆಲ್ಲಿಯ ನ್ಯಾಯ? ಕರೆಂಟಿನ ಪ್ಲಗ್ಗು, ಹಳೆಯ ಟಿ.ವಿ., ಉಬ್ಬಿದ ಮೊಬೈಲ್ ಬ್ಯಾಟರಿ ಇವನ್ನು ಮುಟ್ಟಗೊಡಬೇಡಿ. ಟಾರ್ಚಿನ ಸೆಲ್ಲಿನಲ್ಲಿ ನಡೆಯುವುದನ್ನೇ ಕೊಡಿ. ಆದರೆ ಕೊಡಿ. ಭಂಗಾರದವನ ತಕ್ಕಡಿಗೆ ಏರುವ ಮೊದಲು ಅದು ಒಮ್ಮೆ ಮಗಳ ಕೈಗೆ ಹೋಗಲಿ.