ನೀರು ಎಲ್ಲಿಗೆ ಹೋಗುತ್ತಿದೆ?



ಅಡುಗೆಮನೆಯ ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದರೆ ನಮ್ಮ ತಾಯಂದಿರಿಗೆ ಕೂಡಲೇ ತಿಳಿಯುತ್ತದೆ. ಸೀಟಿ ಬರುವುದಿಲ್ಲ, ಅಂಚಿನಿಂದ ಹಬೆ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ತಳ ಹಿಡಿದ ವಾಸನೆ ಬರುತ್ತದೆ. ಕಾರಿನ ಬಾನೆಟ್ ಕೆಳಗೂ ಇಂಥದೇ ಒಂದು ಕುಕ್ಕರ್ ಇದೆ ಎಂಬುದನ್ನು ನಾವು ಕಲಿತದ್ದು ಕೊಯಮತ್ತೂರಿನ ಪೀಳಮೇಡಿನಲ್ಲಿ.

ಮೈಸೂರು ಕಡೆಯಿಂದ ಹೋಗಿ ಅಲ್ಲಿ ನೆಲೆಸಿರುವ ನಮ್ಮ ಪರಿಚಯದ ಕುಟುಂಬವೊಂದಿದೆ. ಅವರ ಮನೆಗೆ ಹೋದಾಗ ಯಜಮಾನರ ಬಲಗೈಗೆ ಬ್ಯಾಂಡೇಜು ಸುತ್ತಿತ್ತು. ಅಂಗಳದಲ್ಲಿ ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರೊಂದು ನಿಂತಿತ್ತು. ತೀರಿಹೋದ ಅವರ ಅಣ್ಣನ ಕಾರು ಅದು. ಅಣ್ಣನಿಗೆ ರೇಸಿನ ಹುಚ್ಚು. ಕೊಯಮತ್ತೂರಿನಲ್ಲಿ ಅದು ಸೋಜಿಗವಲ್ಲ. ಮಾರುತಿ 800ರ ಎಂಜಿನ್ ಬಳಸಿ ಫಾರ್ಮುಲಾ ಮಾರುತಿ ರೇಸ್ ಕಾರು ರೂಪಿಸಿದ ಎಸ್. ಕರಿವರ್ಧನ್ ಆ ಊರಿನವರು. ಅವರ ಹೆಸರಿನ ರೇಸ್ ಟ್ರ್ಯಾಕ್ ಚೆಟ್ಟಿಪಾಳಯಂನಲ್ಲಿದೆ. 2005ರಲ್ಲಿ ಫಾರ್ಮುಲಾ ಒನ್ ರೇಸಿಗಿಳಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಕೂಡ ಅಲ್ಲಿಯವರೇ.

ಕಾರು ಊರೊಳಗೆ ಚೆನ್ನಾಗಿಯೇ ಓಡುತ್ತಿತ್ತಂತೆ. ವಾರಕ್ಕೊಮ್ಮೆ ಒಂದು ಚೊಂಬು ನೀರು ಹಾಕಿದರೆ ಸಾಕಾಗುತ್ತಿತ್ತು. ಬರಬರುತ್ತಾ ಎರಡು ದಿನಕ್ಕೊಮ್ಮೆ ಹಾಕಬೇಕಾಯಿತು. ಒಂದು ಭಾನುವಾರ ದಂಪತಿಗಳು ಮೆಟ್ಟುಪಾಳಯಂ ದಾಟಿ ಕೂನೂರಿನ ಘಾಟಿ ಹತ್ತುವಾಗ ಬಾನೆಟ್ಟಿನಿಂದ ಹಬೆ ಎದ್ದಿತು. ಇವರು ಗಾಬರಿಯಿಂದ ಇಳಿದು, ಕೈಗೆ ಟವೆಲ್ ಸುತ್ತಿಕೊಂಡು ರೇಡಿಯೇಟರ್ ಮುಚ್ಚಳ ತಿರುಗಿಸಿದರು. ಕುದಿನೀರು ಚಿಮ್ಮಿ ಕೈ ಬೆಂದಿತು.

"ಮುಖಕ್ಕೆ ಹಾರಿದ್ದರೆ ಕಣ್ಣೇ ಹೋಗುತ್ತಿತ್ತು ಫಾದರ್. ಮಾರಿಬಿಡಿ ಅಂತ ನೀವಾದರೂ ಹೇಳಿ," ಎಂದರು ಅವರ ಪತ್ನಿ. ಕಾರು ನೋಡಿದ ಒಬ್ಬ ಮೆಕ್ಯಾನಿಕ್, ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು, ಅಷ್ಟು ಖರ್ಚಿಗಿಂತ ಗುಜರಿಗೆ ಹಾಕುವುದೇ ಮೇಲು ಎಂದಿದ್ದನಂತೆ. ಯಜಮಾನರು ಏನೂ ಹೇಳಲಿಲ್ಲ. ಅಣ್ಣನ ನೆನಪಿಗೆ ಅವರ ಬಳಿ ಉಳಿದಿದ್ದದ್ದು ಆ ಕಾರು ಒಂದೇ.

ಮಾರುವ ಮೊದಲು ಇನ್ನೊಬ್ಬರಿಗೆ ತೋರಿಸೋಣ ಎಂದೆವು. ಬಂದವರು ತಾಳವಾಡಿ ಕಡೆಯ ಹಿರಿಯ ಮೇಸ್ತ್ರಿ, ಮನೆಮಾತು ಕನ್ನಡ. ಅವರು ಬಾನೆಟ್ ತೆರೆಯುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಸಾರ್, ಇಷ್ಟು ದಿನ ನೀರು ಹಾಕಿದಿರಲ್ಲ, ಅದು ಎಲ್ಲಿಗೆ ಹೋಯಿತು ಅಂತ ನೋಡಿದಿರಾ?"

ನೋಡಿರಲಿಲ್ಲ.

ಮೇಸ್ತ್ರಿಗಳು ಒಂದೊಂದಾಗಿ ಪರೀಕ್ಷಿಸುತ್ತಾ ನಮಗೂ ವಿವರಿಸಿದರು. ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಕೆಲಸ ಶುರು. ಮೊದಲು ಎಣ್ಣೆಯ ಕಡ್ಡಿ ಎಳೆದು ನೋಡಿದರು. ಎಣ್ಣೆ ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಎಂಜಿನ್ ಒಳಗೆ ಸೇರಿದೆ ಎಂದರ್ಥ. ಇಲ್ಲಿ ಹಾಗಿರಲಿಲ್ಲ. ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆಯೂ ಇರಲಿಲ್ಲ. ಬಳಿಕ ಎಂಜಿನ್ ಚಾಲೂ ಮಾಡಿ, ರೇಡಿಯೇಟರ್ ಬಾಯಿಗೆ ನೀಲಿ ದ್ರವವಿದ್ದ ಗಾಜಿನ ಕೊಳವೆ ಇಟ್ಟರು. ಪೆಟ್ರೋಲ್ ಉರಿದ ಅನಿಲ ನೀರಿಗೆ ನುಗ್ಗುತ್ತಿದ್ದರೆ ಆ ದ್ರವ ಹಳದಿಗೆ ತಿರುಗುತ್ತದೆ. ಅದು ನೀಲಿಯಾಗಿಯೇ ಉಳಿಯಿತು. "ಹೆಡ್ ಗ್ಯಾಸ್ಕೆಟ್ ಗಟ್ಟಿ ಇದೆ ಸಾರ್," ಎಂದರು. ಯಜಮಾನರ ಮುಖದಲ್ಲಿ ಜೀವ ಬಂತು.

ಮುಂದಿನ ಸರದಿ ಥರ್ಮೋಸ್ಟಾಟಿನದು. ಎಂಜಿನ್ ಬಿಸಿಯಾಗುವವರೆಗೆ ಮುಚ್ಚಿದ್ದು, ಆಮೇಲೆ ರೇಡಿಯೇಟರಿಗೆ ದಾರಿ ಬಿಡುವ ಕವಾಟ ಅದು. ಮನೆಯಮ್ಮನಿಂದ ಹಳೆಯ ಪಾತ್ರೆಯೊಂದನ್ನು ಕೇಳಿ ಪಡೆದು, ನೀರಿನಲ್ಲಿ ಅದನ್ನು ಮುಳುಗಿಸಿ ಒಲೆಯ ಮೇಲಿಟ್ಟರು. 80 ಡಿಗ್ರಿ ದಾಟಿದ ಮೇಲೆ ಅದು ಮೆಲ್ಲಗೆ ಬಾಯಿ ಬಿಟ್ಟಿತು. ಅಲ್ಲಿಯೂ ದೋಷವಿಲ್ಲ. "ಈ ಪಾತ್ರೆಯಲ್ಲಿ ಇನ್ನು ಅಡುಗೆ ಮಾಡಬೇಡಿ ಅಮ್ಮಾ," ಎಂದರು. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ರುಚಿ ಸಿಹಿಯಾದ್ದರಿಂದ ಮಕ್ಕಳಿಗೂ ನಾಯಿಗಳಿಗೂ ಅದು ಇನ್ನಷ್ಟು ಅಪಾಯಕಾರಿ.

ಕೊನೆಗೆ ಮಾಪಕವಿರುವ ಕೈಪಂಪನ್ನು ರೇಡಿಯೇಟರಿಗೆ ಜೋಡಿಸಿ ಒತ್ತಡ ಕೊಟ್ಟರು. ಮುಳ್ಳು ನಿಧಾನವಾಗಿ ಇಳಿಯಿತು. ನೆಲದ ಮೇಲೆ ಮಾತ್ರ ಒಂದು ಹನಿಯೂ ಇಲ್ಲ! ಟಾರ್ಚು ಮತ್ತು ಚಿಕ್ಕ ಕನ್ನಡಿ ಹಿಡಿದು ವಾಟರ್ ಪಂಪಿನ ಕೆಳಗೆ ನೋಡಿದಾಗ, ಸಣ್ಣ ರಂಧ್ರವೊಂದರ ಬಾಯಲ್ಲಿ ಒಣಗಿದ ಬಿಳಿಯ ಕಲೆಯೂ ಅದರ ತುದಿಯಲ್ಲಿ ಹೊಸ ಹನಿಯೂ ಕಂಡವು. ಪಂಪಿನೊಳಗಿನ ಸೀಲ್ ಸವೆದಿತ್ತು. ಸೋರಿದ ನೀರು ಬಿಸಿ ಎಂಜಿನ್ ಮೇಲೆ ಆರಿಹೋಗುತ್ತಿದ್ದುದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಆ ರಂಧ್ರ ಒಡಕಲ್ಲ, ತಯಾರಿಸುವಾಗಲೇ ಇಟ್ಟದ್ದು. ಸೀಲ್ ಸೋತಾಗ ನೀರು ಬೇರಿಂಗಿಗೆ ಹೋಗದೆ ಹೊರಬಂದು ಸುಳಿವು ಕೊಡಲಿ ಎಂದು. "ಕೆಲವರು ಇದಕ್ಕೆ ಅಂಟು ಮೆತ್ತಿ ಮುಚ್ಚುತ್ತಾರೆ. ಸೋರುವುದು ನಿಂತಿತು ಅಂದುಕೊಳ್ಳುತ್ತಾರೆ. ಆಮೇಲೆ ಬೇರಿಂಗೇ ಹೋಗುತ್ತದೆ," ಎಂದರು ಮೇಸ್ತ್ರಿಗಳು.

ಪಂಪಿನ ವಿಷಯವನ್ನು ಆ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1937ರಲ್ಲಿ ಜಿ. ಡಿ. ನಾಯ್ಡು ಮತ್ತು ಡಿ. ಬಾಲಸುಂದರಂ ನಾಯ್ಡು ದೇಶದ ಮೊದಲ ವಿದ್ಯುತ್ ಮೋಟಾರ್ ತಯಾರಿಸಿದ ಊರು ಕೊಯಮತ್ತೂರು. ನಮ್ಮ ರೈತರ ಬಾವಿಗಳಿಗೆ ಅಲ್ಲಿಂದ ಎಷ್ಟು ಪಂಪುಗಳು ಬಂದಿಲ್ಲ! ಕಾರಿನ ಪಂಪೂ ಅದೇ ಜಾತಿಯದು. ರೆಕ್ಕೆಗಳು ತಿರುಗಿ ನೀರನ್ನು ತಳ್ಳುತ್ತವೆ, ಅಷ್ಟೇ.

ಆದರೆ ಊರಿನಲ್ಲಿ ಸುಮ್ಮನಿದ್ದ ಕಾರು ಘಾಟಿಯಲ್ಲೇ ಏಕೆ ಕುದಿಯಿತು? ಅದಕ್ಕೆ ಉತ್ತರ ಮುಚ್ಚಳದಲ್ಲಿತ್ತು. ಅದರ ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟು, ಒತ್ತಡ ಹಿಡಿಯುತ್ತಿರಲಿಲ್ಲ. ಕೂನೂರು ಸುಮಾರು 1,850 ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 94 ಡಿಗ್ರಿಗೇ ಕುದಿಯುತ್ತದೆ. ಎಂಜಿನ್ ಸಾಮಾನ್ಯವಾಗಿ ಕೆಲಸ ಮಾಡುವ ಬಿಸಿಯೇ ಹೆಚ್ಚುಕಡಿಮೆ ಅಷ್ಟಿರುತ್ತದೆ. ಮುಚ್ಚಳ ಸರಿಯಿದ್ದರೆ ಕುಕ್ಕರಿನಂತೆ ಒತ್ತಡ ಹಿಡಿದು, 110 ಡಿಗ್ರಿ ದಾಟಿದರೂ ನೀರು ಕುದಿಯಲು ಬಿಡುವುದಿಲ್ಲ. ಮೊದಲೇ ನೀರು ಕಡಿಮೆ, ಮೇಲೆ ಸೋತ ಮುಚ್ಚಳ, ಜೊತೆಗೆ ಏರುದಾರಿ. ಮೂರೂ ಕೂಡಿ ಕಾರನ್ನು ನಿಲ್ಲಿಸಿದವು.

ಪಂಪು, ಬೆಲ್ಟು, ಮುಚ್ಚಳ, ಮೆತ್ತಗಾಗಿದ್ದ ಹೋಸ್ ಪೈಪುಗಳು ಬದಲಾದವು. ಬೋರ್‌ವೆಲ್ ನೀರಿನಿಂದ ರೇಡಿಯೇಟರಿನಲ್ಲಿ ಕಟ್ಟಿದ್ದ ಸುಣ್ಣದಂಥ ಪದರವನ್ನು ತೊಳೆದು, ಕೂಲೆಂಟನ್ನೂ ಡಿಸ್ಟಿಲ್ಡ್ ವಾಟರನ್ನೂ ಸಮಪಾಲು ಬೆರೆಸಿ ತುಂಬಿದರು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಗಲಿಲ್ಲ.

ಕಾರಿರುವ ಕುಟುಂಬಗಳು ನೆನಪಿಡಬೇಕಾದ ಕೆಲವು ಮಾತುಗಳನ್ನು ಮೇಸ್ತ್ರಿಗಳ ಬಾಯಿಂದಲೇ ಬರೆದುಕೊಂಡೆವು. ಟ್ರಾಫಿಕ್ಕಿನಲ್ಲಿ ನಿಂತಾಗ ಮಾತ್ರ ಬಿಸಿಯಾದರೆ ಮೊದಲು ಫ್ಯಾನ್ ನೋಡಿಸಬೇಕು. ವೇಗದಲ್ಲಿ ಅಥವಾ ಏರಿನಲ್ಲಿ ಬಿಸಿಯಾದರೆ ರೇಡಿಯೇಟರ್ ಕಟ್ಟಿರಬಹುದು, ಇಲ್ಲವೆ ನೀರು ಕಡಿಮೆಯಿರಬಹುದು. ಮುಳ್ಳು ಮೇಲೇರಿದರೆ ಏಸಿ ಆರಿಸಿ, ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಬಂದ್ ಮಾಡಬೇಕು. ಏರಿದ ಮುಳ್ಳು ಥಟ್ಟನೆ ಕೆಳಗಿಳಿದರೆ ಸಂತೋಷಪಡಬೇಡಿ. ಅಳೆಯುವ ಜಾಗದಲ್ಲಿ ನೀರೇ ಉಳಿದಿಲ್ಲದಿರಬಹುದು. ಬಿಸಿ ಎಂಜಿನ್ ಮೇಲೆ ತಣ್ಣೀರು ಸುರಿದರೆ ಲೋಹ ಬಿರುಕು ಬಿಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಎಂಜಿನ್ ಮುಟ್ಟಲು ತಣ್ಣಗಾಗುವವರೆಗೆ ಮುಚ್ಚಳಕ್ಕೆ ಕೈ ಹಾಕಲೇಬಾರದು. ಅರ್ಧ ಗಂಟೆಯಲ್ಲ, ಒಂದು ಗಂಟೆಯಾದರೂ ಕಾಯಿರಿ.

ಮರುದಿನ ಯಜಮಾನರು ನಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೆಟ್ಟುಪಾಳಯಂವರೆಗೆ ಹೋಗಿ ಬಂದರು. ಮುಳ್ಳು ನಡುವಿನಿಂದ ಅಲುಗಲಿಲ್ಲ. ದಾರಿಯಲ್ಲಿ ಅವರು ಮೊದಲ ಬಾರಿಗೆ ಅಣ್ಣನ ಕೊನೆಯ ದಿನಗಳ ವಿಷಯ ತೆಗೆದರು. ಕಾಯಿಲೆ ಗೊತ್ತಿದ್ದೂ ಅವರು ಯಾರಿಗೂ ಹೇಳಿರಲಿಲ್ಲವಂತೆ. "ಚೆನ್ನಾಗಿದ್ದೀನಿ ಅಂತಲೇ ಹೇಳುತ್ತಿದ್ದ ಫಾದರ್. ನಾನೂ ಮತ್ತೆ ಕೇಳಲಿಲ್ಲ," ಎಂದರು.

ನಮಗೆ ಆ ಸಣ್ಣ ರಂಧ್ರ ನೆನಪಾಯಿತು. ನಮ್ಮ ಮನೆಗಳಲ್ಲಿಯೂ ಒಬ್ಬರು ದಿನದಿನಕ್ಕೆ ಬತ್ತುತ್ತಿರುತ್ತಾರೆ. ನಾವು ಒಂದು ಚೊಂಬು ನೀರಿನಂತೆ ಒಂದು ಸಮಾಧಾನದ ಮಾತು ಸುರಿದು ಮುಂದೆ ಹೋಗುತ್ತೇವೆ. ಇಂದು ಸಂಜೆ ಊಟಕ್ಕೆ ಕುಳಿತಾಗ ಎದುರಿಗಿರುವವರ ಮುಖ ನೋಡಿ, ಮೇಸ್ತ್ರಿಗಳಂತೆ ಇನ್ನೊಂದು ಪ್ರಶ್ನೆ ಕೇಳೋಣ. ಉತ್ತರ ಬರುವವರೆಗೆ ಕಾಯೋಣ.