ಬೆನ್ನಿನ ನೀರು ತೆಗೆಯಲು ಬೇಡವೆನ್ನಬೇಡಿ



ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಮೊದಲು ಹಣೆ ಮುಟ್ಟಿ ನೋಡುವವರು ನೀವು. ರಾತ್ರಿಯಿಡೀ ಎಚ್ಚರವಿದ್ದು ಒದ್ದೆ ಬಟ್ಟೆ ಬದಲಿಸುವವರೂ ನೀವೇ. ಮಗು ಎಂದಿನಂತಿಲ್ಲ, ಅತ್ತೆಯ ಮಾತು ತೊದಲುತ್ತಿದೆ ಎಂಬುದು ಡಾಕ್ಟರಿಗಿಂತ ಮೊದಲು ನಿಮಗೆ ತಿಳಿಯುತ್ತದೆ. ಅದಕ್ಕೇ ಈ ತಿಂಗಳ ವಿಷಯವನ್ನು ನಿಮ್ಮ ಮುಂದಿಡುತ್ತಿದ್ದೇನೆ. ಹೆಚ್ಚಿನ ಜ್ವರಗಳು ಮೂರು ನಾಲ್ಕು ದಿನಗಳಲ್ಲಿ ಇಳಿಯುತ್ತವೆ. ಆದರೆ ಕೆಲವು ಮಿದುಳಿಗೆ ಏರುತ್ತವೆ. ಅಲ್ಲಿ ದಿನಗಳ ಲೆಕ್ಕವಲ್ಲ, ಗಂಟೆಗಳ ಲೆಕ್ಕ.

ನಮ್ಮ ಮಿದುಳು ಮತ್ತು ಬೆನ್ನುಹುರಿಯನ್ನು ಮೂರು ಪದರದ ಪೊರೆ ಸುತ್ತುವರಿದಿದೆ. ಪೊರೆಯ ನಡುವೆ ತಿಳಿನೀರಿನಂತಹ ಒಂದು ದ್ರವವಿದೆ. ಪೊರೆಗೆ ಸೋಂಕು ತಗಲಿದರೆ ಮೆನಿಂಜೈಟಿಸ್ ಎನ್ನುತ್ತಾರೆ. ಮಿದುಳಿಗೇ ತಗಲಿದರೆ ಎನ್ಸೆಫಲೈಟಿಸ್. ಜನರ ಬಾಯಲ್ಲಿ ಎರಡೂ ‘ಮಿದುಳು ಜ್ವರ’ವೇ. ಆದರೆ ಕಾರಣಗಳು ಬೇರೆ ಬೇರೆ. ವೈರಸ್, ಬ್ಯಾಕ್ಟೀರಿಯಾ, ಕ್ಷಯದ ರೋಗಾಣು, ಶಿಲೀಂಧ್ರ, ಹೀಗೆ ಯಾವುದೂ ಇರಬಹುದು. ಒಂದರ ಔಷಧಿ ಇನ್ನೊಂದಕ್ಕೆ ನಾಟುವುದಿಲ್ಲ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಗದ್ದೆ, ಕೊಕ್ಕರೆ, ಹಂದಿ ಮತ್ತು ಸೊಳ್ಳೆ

ತುಂಗಭದ್ರೆಯ ನೀರು ಹರಿಯುವ ಕಡೆಯೆಲ್ಲ ಭತ್ತ ಬೆಳೆಯುತ್ತದೆ. ಕಂಪ್ಲಿಯ ಸುತ್ತ ಕಣ್ಣು ಹಾಯಿಸಿದಷ್ಟೂ ಗದ್ದೆ. ಹೊಸಪೇಟೆ, ಕಮಲಾಪುರ, ಹಂಪಿಯ ಬಳಿ ವಿಜಯನಗರ ಕಾಲದ ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುತ್ತದೆ. ಅನ್ನ ಕೊಡುವ ಈ ನೀರಿನಲ್ಲೇ ಕ್ಯೂಲೆಕ್ಸ್ ಜಾತಿಯ ಸೊಳ್ಳೆಯೂ ಮೊಟ್ಟೆಯಿಡುತ್ತದೆ. ಅದು ಹರಡುವ ರೋಗದ ಹೆಸರು ಜಪಾನೀಸ್ ಎನ್ಸೆಫಲೈಟಿಸ್.

ಇದರ ವೈರಸ್ ಕೊಕ್ಕರೆ, ಬೆಳ್ಳಕ್ಕಿಯಂತಹ ನೀರುಹಕ್ಕಿಗಳಲ್ಲಿ ಇರುತ್ತದೆ. ಹಂದಿಯ ದೇಹ ಸೇರಿದಾಗ ಬಹಳ ಬೇಗ ಹೆಚ್ಚುತ್ತದೆ. ಹಂದಿಯನ್ನೋ ಹಕ್ಕಿಯನ್ನೋ ಕಚ್ಚಿದ ಸೊಳ್ಳೆ ಮನುಷ್ಯನನ್ನು ಕಚ್ಚಿದರೆ ರೋಗ ದಾಟುತ್ತದೆ.

ಇಲ್ಲಿ ನಮ್ಮ ಮನೆಗಳಲ್ಲಿ ಒಂದು ತಪ್ಪು ಧೈರ್ಯವಿದೆ. “ಅದು ಹಂದಿಯ ಕಾಯಿಲೆಯಂತೆ, ನಾವು ಹಂದಿ ಮುಟ್ಟುವವರಲ್ಲ, ತಿನ್ನುವವರಲ್ಲ, ನಮಗೇಕೆ ಬರುತ್ತದೆ?” ಎಂಬ ಮಾತು. ಸಹೋದರಿಯರೇ, ಈ ರೋಗ ಮಾಂಸದಿಂದ ಬರುವುದಿಲ್ಲ, ಮುಟ್ಟುವುದರಿಂದಲೂ ಬರುವುದಿಲ್ಲ. ಸೊಳ್ಳೆಗೆ ಓಣಿಯ ಗಡಿ ಗೊತ್ತಿಲ್ಲ. ಊರಾಚೆಯ ಕೊಚ್ಚೆಯಲ್ಲಿ ಹೊರಳುವ ಹಂದಿಯನ್ನು ಕಚ್ಚಿದ ಸೊಳ್ಳೆ ಮಗ್ರಿಬ್ ಹೊತ್ತಿಗೆ ನಿಮ್ಮ ಅಂಗಳಕ್ಕೂ ಬರುತ್ತದೆ. ಹಂದಿಯೇ ಇಲ್ಲದ ಊರಿನ ಗದ್ದೆಯಲ್ಲೂ ಕೊಕ್ಕರೆ ಇಳಿಯುತ್ತದೆ.

ವೈರಸ್ ತಗಲಿದವರೆಲ್ಲ ಕಾಯಿಲೆ ಬೀಳುವುದಿಲ್ಲ. ನೂರಾರು ಮಂದಿಗೆ ತಗಲಿದರೆ ಒಬ್ಬರಿಗೆ ಮಾತ್ರ ಮಿದುಳಿಗೆ ಏರುತ್ತದೆ. ಆದರೆ ಏರಿದರೆ ಕಠಿಣ. ಜೋರು ಜ್ವರ, ವಾಂತಿ, ಫಿಟ್ಸ್, ಪ್ರಜ್ಞೆ ತಪ್ಪುವುದು. ಹಾಗೆ ಮಲಗಿದ 100 ಮಂದಿಯಲ್ಲಿ 30ರವರೆಗೆ ತೀರಿಕೊಳ್ಳಬಹುದು. ಬದುಕಿದವರಲ್ಲೂ ಅನೇಕರಿಗೆ ಕೈಕಾಲು ಸೋಲುವುದು, ಮಾತು ಹೋಗುವುದು, ಬುದ್ಧಿ ಕುಂದುವುದು ಉಳಿದುಬಿಡುತ್ತದೆ. ಈ ವೈರಸ್ಸನ್ನು ಕೊಲ್ಲುವ ಔಷಧಿ ಇಂದಿಗೂ ಇಲ್ಲ. ಇರುವುದು ಲಸಿಕೆ.

ಲಸಿಕೆಯ ಕಥೆಯಲ್ಲಿ ನಮ್ಮ ಭಾಗಕ್ಕೆ ಒಂದು ಸ್ಥಾನವಿದೆ. 2005ರಲ್ಲಿ ಉತ್ತರ ಪ್ರದೇಶದ ಗೋರಖ್‌ಪುರ ಭಾಗದಲ್ಲಿ ಮಿದುಳು ಜ್ವರಕ್ಕೆ ಸಾವಿರಕ್ಕೂ ಹೆಚ್ಚು ಜನ, ಬಹುಪಾಲು ಮಕ್ಕಳು, ಬಲಿಯಾದರು. ಮರುವರ್ಷ, 2006ರಲ್ಲಿ, ಕೇಂದ್ರ ಸರಕಾರ ದೇಶದ 11 ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಲಸಿಕೆ ಹಾಕಿಸಿತು. ಕರ್ನಾಟಕದಿಂದ ಆಯ್ಕೆಯಾದದ್ದು ಬಳ್ಳಾರಿ ಜಿಲ್ಲೆ. ಆಗ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಎಲ್ಲವೂ ಆ ಜಿಲ್ಲೆಯಲ್ಲೇ ಇದ್ದವು. ಹೊಸಪೇಟೆ ಕೇಂದ್ರವಾಗಿ ವಿಜಯನಗರ ಜಿಲ್ಲೆಯಾದದ್ದು 2021ರಲ್ಲಿ. ಅಂದರೆ ಈ ಭಾಗದ ಅಪಾಯ ಹೊಸದಾಗಿ ಹುಟ್ಟಿದ ಗಾಳಿಸುದ್ದಿಯಲ್ಲ. ಮುಂದೆ 2013ರಲ್ಲಿ ಭಾರತದಲ್ಲೇ ತಯಾರಾದ ಲಸಿಕೆ ಬಂತು. ಅದಕ್ಕೆ ಬಳಸಿದ ವೈರಸ್ ನಮ್ಮ ಕೋಲಾರದಲ್ಲಿ ಸಿಕ್ಕಿದ್ದು.

ಈಗ ರೋಗವಿರುವ ಜಿಲ್ಲೆಗಳಲ್ಲಿ ಇದನ್ನು ಎರಡು ಬಾರಿ ಉಚಿತವಾಗಿ ಕೊಡುತ್ತಾರೆ. 9 ತಿಂಗಳು ತುಂಬಿದಾಗ ಒಮ್ಮೆ, 16ರಿಂದ 24 ತಿಂಗಳ ಒಳಗೆ ಇನ್ನೊಮ್ಮೆ. ‘ಓಣಿಯ ಮಕ್ಕಳೆಲ್ಲ ಹಾಕಿಸಿಕೊಂಡಿದ್ದಾರೆ, ನಮ್ಮ ಮಗುವಿಗೆ ಬೇಡ’ ಎನ್ನುವಂತಿಲ್ಲ. ದಡಾರ ಮನುಷ್ಯನಿಂದ ಮನುಷ್ಯನಿಗೆ ಹರಡುವುದರಿಂದ ಪಕ್ಕದವರ ಲಸಿಕೆ ನಮ್ಮನ್ನೂ ಸ್ವಲ್ಪ ಕಾಯುತ್ತದೆ. ಇದು ಸೊಳ್ಳೆಯಿಂದ ಬರುವ ರೋಗ. ಯಾರಿಗೆ ಹಾಕಿಸಿದ್ದೇವೋ ಅವರಿಗೆ ಮಾತ್ರ ರಕ್ಷಣೆ. ತಾಯಿ ಕಾರ್ಡನ್ನು ಇವತ್ತೇ ತೆಗೆದು ನೋಡಿ. ಡೋಸ್ ತಪ್ಪಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ. ಮಗು ಕ್ಯಾನ್ಸರ್ ಚಿಕಿತ್ಸೆಯಲ್ಲಿದ್ದರೆ, ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಅಥವಾ ಎಚ್‌ಐವಿ ಇದ್ದರೆ ಮಾತ್ರ ಮೊದಲು ಡಾಕ್ಟರಿಗೆ ತಿಳಿಸಿ. ಈ ಲಸಿಕೆಗಳಲ್ಲಿ ಒಂದು ಜೀವಂತ ವೈರಸ್ಸಿನಿಂದ ಮಾಡಿದ್ದು. ರೋಗನಿರೋಧಕ ಶಕ್ತಿ ಬಹಳ ಕುಂದಿದವರಿಗೆ ಅದು ಸಲ್ಲದು.

ದೇಹದ ಕಾವಲು ಕುಂದಿದಾಗ

ಮನೆಗೆ ಕಾವಲುಗಾರನಿದ್ದರೆ ಕಳ್ಳ ಹಿಂದೇಟು ಹಾಕುತ್ತಾನೆ. ಕಾವಲುಗಾರ ನಿದ್ದೆಹೋದರೆ ಪುಡಿಗಳ್ಳನೂ ಒಳಗೆ ಬರುತ್ತಾನೆ. ದೇಹದ ಸಂಗತಿಯೂ ಹೀಗೆಯೇ. ಕಾವಲು ಕುಂದಿದವರು ಯಾರು? ಹಸುಗೂಸುಗಳು, ವಯಸ್ಸಾದವರು, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರು, ಎಚ್‌ಐವಿ ಇದ್ದು ಔಷಧಿ ತೆಗೆದುಕೊಳ್ಳದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಕಿಡ್ನಿ ಬದಲಿಸಿಕೊಂಡವರು, ದೀರ್ಘಕಾಲ ಸ್ಟೀರಾಯ್ಡ್ ನುಂಗುವವರು.

ಇವರಲ್ಲಿ ಮಿದುಳಿನ ಸೋಂಕು ಸದ್ದುಗದ್ದಲವಿಲ್ಲದೆ ಬರುತ್ತದೆ. ಜೋರು ಜ್ವರ ಇರಲೇಬೇಕೆಂದಿಲ್ಲ. ಕುತ್ತಿಗೆ ಬಿಗಿಯಲೇಬೇಕೆಂದಿಲ್ಲ. ಎರಡು ಮೂರು ವಾರ ಬಿಡದ ತಲೆನೋವು, ಸಂಜೆಯ ಸಣ್ಣ ಜ್ವರ, ಊಟ ಸೇರದಿರುವುದು, ಮಂಕು, ಸಿಡುಕು, ಎರಡೆರಡಾಗಿ ಕಾಣುವುದು ಇಷ್ಟೇ ಇರಬಹುದು. ನಾವು ‘ಪಿತ್ತ’ ಎನ್ನುತ್ತೇವೆ, ‘ವಯಸ್ಸಾಯಿತು’ ಎನ್ನುತ್ತೇವೆ, ಅಂಗಡಿಯಿಂದ ತಲೆನೋವಿನ ಮಾತ್ರೆ ತರಿಸುತ್ತೇವೆ.

ಕ್ಷಯರೋಗದ ಮೆನಿಂಜೈಟಿಸ್ ಹೀಗೆಯೇ ನಿಧಾನವಾಗಿ ಬರುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೂ ಎಚ್‌ಐವಿ ಇರುವವರಿಗೂ ಇದು ಹೆಚ್ಚು. ಹುಟ್ಟಿದ ಕೂಡಲೇ ಹಾಕುವ ಬಿಸಿಜಿ ಲಸಿಕೆಯ ದೊಡ್ಡ ಪ್ರಯೋಜನ ಮಕ್ಕಳನ್ನು ಈ ರೋಗದಿಂದ ಕಾಪಾಡುವುದೇ. ಮನೆಯಲ್ಲಿ ಯಾರಿಗಾದರೂ ಟಿಬಿ ಎಂದು ತಿಳಿದರೆ ಸಣ್ಣ ಮಕ್ಕಳನ್ನೂ ತಪಾಸಣೆಗೆ ಕರೆದೊಯ್ಯಿರಿ. ಸರಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ. ಮಿದುಳಿನ ಟಿಬಿಗೆ 9ರಿಂದ 12 ತಿಂಗಳು ಔಷಧಿ ಬೇಕು. ಚೇತರಿಸಿತೆಂದು ನಡುವೆ ನಿಲ್ಲಿಸಬಾರದು.

ಇನ್ನೊಂದು ಕ್ರಿಪ್ಟೋಕಾಕಸ್ ಎಂಬ ಶಿಲೀಂಧ್ರ. ಪಾರಿವಾಳದ ಹಿಕ್ಕೆ ಬಿದ್ದ ಮಣ್ಣಿನಲ್ಲಿ ಇದು ಬೆಳೆಯುತ್ತದೆ. ಗಟ್ಟಿಮುಟ್ಟಾದವರು ಇದನ್ನು ಉಸಿರಾಡಿದರೂ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಎಚ್‌ಐವಿಯಿಂದ ಶಕ್ತಿ ಕುಂದಿದವರಲ್ಲಿ ಇದೇ ಮಿದುಳಿನ ಪೊರೆಗೆ ಹೋಗಿ ಪ್ರಾಣ ತೆಗೆಯುತ್ತದೆ. ಇದಕ್ಕೆ ಔಷಧಿ ಇದೆ, ಬೇಗ ಪತ್ತೆಯಾಗಬೇಕು ಅಷ್ಟೆ.

ಎಚ್‌ಐವಿಯ ಹೆಸರು ಬಂದಾಗ ನಾವು ದನಿ ತಗ್ಗಿಸುತ್ತೇವೆ. ಸಂಡೂರಿನ ಗಣಿಗಳಿಂದ ಅದಿರು ಹೊತ್ತ ಲಾರಿಗಳು ಓಡುವ ದಾರಿ ನಮ್ಮದು. ತಿಂಗಳುಗಟ್ಟಲೆ ಮನೆಬಿಟ್ಟು ದುಡಿಯುವ ಗಂಡಸರ ಊರು ನಮ್ಮದು. ಏನೂ ಅರಿಯದ ಹೆಂಡತಿಗೆ, ಅವಳ ಹೊಟ್ಟೆಯ ಕೂಸಿಗೆ ರೋಗ ದಾಟಿದಾಗ ಅವಳನ್ನೇ ದೂರುವವರಿದ್ದಾರೆ. ತಪ್ಪು ಹುಡುಕುವುದು ನಮ್ಮ ಕೆಲಸವಲ್ಲ. 2004ರಿಂದ ಸರಕಾರ ಎಆರ್‌ಟಿ ಔಷಧಿಯನ್ನು ಉಚಿತವಾಗಿ ಕೊಡುತ್ತಿದೆ. 2017ರಿಂದ ರೋಗ ಪತ್ತೆಯಾದ ಎಲ್ಲರಿಗೂ ಕೂಡಲೇ ಕೊಡುತ್ತಾರೆ. ತಪ್ಪದೆ ನುಂಗಿದರೆ ದೇಹದ ಕಾವಲು ಮತ್ತೆ ಎದ್ದು ನಿಲ್ಲುತ್ತದೆ. ರೋಗಿಯ ಗುಟ್ಟು ಕಾಯುವುದು 2017ರ ಕಾನೂನಿನ ಪ್ರಕಾರವೂ ಕಡ್ಡಾಯ.

ಸಕ್ಕರೆ ಕಾಯಿಲೆಯನ್ನು ನಾವು ಕಾಯಿಲೆಯೆಂದೇ ಎಣಿಸುವುದಿಲ್ಲ. 2021ರ ಕೋವಿಡ್ ಎರಡನೇ ಅಲೆಯನ್ನು ನೆನಪಿಸಿಕೊಳ್ಳಿ. ‘ಕಪ್ಪು ಶಿಲೀಂಧ್ರ’ ಎಂದು ಜನ ಕರೆದ ಮ್ಯೂಕೋರ್ ಮೈಕೋಸಿಸ್ ಮೂಗಿನಿಂದ ಕಣ್ಣಿಗೆ, ಕಣ್ಣಿನಿಂದ ಮಿದುಳಿಗೆ ಏರಿತು. ಹೆಚ್ಚಾಗಿ ಬಲಿಯಾದವರು ಸಕ್ಕರೆ ಏರಿದ್ದವರು, ಸ್ಟೀರಾಯ್ಡ್ ಪಡೆದವರು. ಕೋವಿಡ್ ಹೋದರೂ ಆ ಶಿಲೀಂಧ್ರ ಹೋಗಿಲ್ಲ. ಸಕ್ಕರೆ ಇರುವವರಿಗೆ ಮುಖದ ಒಂದು ಬದಿ ನೋವು, ಮೂಗಿನಿಂದ ಕಪ್ಪು ಸುರಿತ, ಕಣ್ಣು ಊದುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಮಂಡಿನೋವಿಗೆ, ದಮ್ಮಿಗೆ ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ಮಾತ್ರೆ ತರುವವರಿದ್ದಾರೆ. ಹೆಸರಿಲ್ಲದ ಪುಡಿ ನುಂಗುವವರಿದ್ದಾರೆ. ಎರಡೇ ದಿನದಲ್ಲಿ ನೋವು ಮಾಯವಾದರೆ ಸಂಶಯಪಡಿ, ಅದರಲ್ಲಿ ಸ್ಟೀರಾಯ್ಡ್ ಇರಬಹುದು. ಅದು ದೇಹದ ಕಾವಲನ್ನು ಕುಂದಿಸುತ್ತದೆ, ಜ್ವರವನ್ನೂ ಮರೆಮಾಡುತ್ತದೆ. ಆದರೆ ಇದನ್ನು ಓದಿ ಗಾಬರಿಯಿಂದ ಒಮ್ಮೆಲೇ ನಿಲ್ಲಿಸಬೇಡಿ, ಅದೂ ಅಪಾಯ. ಡಾಕ್ಟರಿಗೆ ತೋರಿಸಿ ನಿಧಾನವಾಗಿ ಇಳಿಸಬೇಕು.

ಹಜ್ಜ್‌ಗೆ ಹೊರಟವರಿಗೆ

ಹಾಜಿಗಳಿಗೆ ಹೊರಡುವ ಮೊದಲು ಮೆನಿಂಜೈಟಿಸ್ ಲಸಿಕೆ ಹಾಕುತ್ತಾರೆ. ಇದೇಕೆಂದು ಎಷ್ಟೋ ಜನರಿಗೆ ಗೊತ್ತಿಲ್ಲ. ಮೆನಿಂಗೋಕಾಕಸ್ ಎಂಬ ಬ್ಯಾಕ್ಟೀರಿಯಾ ಕೆಮ್ಮು, ಉಸಿರಿನಿಂದ ಹರಡುತ್ತದೆ. ಲಕ್ಷಾಂತರ ಜನ ಒತ್ತೊತ್ತಾಗಿ ಸೇರುವಲ್ಲಿ ಅದಕ್ಕೆ ಅನುಕೂಲ. 2000ದ ಹಜ್ಜ್‌ನ ನಂತರ ಹಲವು ದೇಶಗಳ ಯಾತ್ರಿಕರಲ್ಲಿ ಇದು ಕಾಣಿಸಿಕೊಂಡಿತು. ಬಳಿಕ ಸೌದಿ ಸರಕಾರ ನಾಲ್ಕು ತಳಿಗಳ ವಿರುದ್ಧದ ಲಸಿಕೆಯನ್ನು ಕಡ್ಡಾಯ ಮಾಡಿತು. ಉಮ್ರಾಕ್ಕೂ ಇದು ಬೇಕು. ಹೊರಡುವ ಕನಿಷ್ಠ 10 ದಿನ ಮೊದಲೇ ಹಾಕಿಸಿ. ಬರೀ ಸರ್ಟಿಫಿಕೇಟ್ ಬರೆಸಿಕೊಳ್ಳುವ ಉಪಾಯ ಹುಡುಕಬೇಡಿ. ಲಸಿಕೆ ಕಾಯುವುದು ನಿಮ್ಮ ವಯಸ್ಸಾದ ತಂದೆತಾಯಿಯನ್ನೇ.

‘ನೀರು ತೆಗೆದರೆ ಕಾಲು ಹೋಗುತ್ತದೆ’ ನಿಜವೇ?

ಈಗ ಮುಖ್ಯ ಮಾತಿಗೆ ಬರುತ್ತೇನೆ. ಒಂದರ ಔಷಧಿ ಇನ್ನೊಂದಕ್ಕೆ ನಾಟುವುದಿಲ್ಲ ಎಂದು ಆಗಲೇ ಹೇಳಿದೆ. ಕಾರಣ ತಿಳಿಯಲು ಬೆನ್ನಿನ ನೀರನ್ನು ಪರೀಕ್ಷಿಸಬೇಕು. ಡಾಕ್ಟರು ಹಾಗೆಂದ ಕೂಡಲೇ ವಾರ್ಡಿನ ಹೊರಗೆ ನಿಂತ ಹತ್ತು ಜನರಲ್ಲಿ ಒಬ್ಬರು, “ಬೇಡ, ನೀರು ತೆಗೆದರೆ ಕಾಲು ಹೋಗುತ್ತದೆ, ಇಂತಿಂಥವರಿಗೆ ಹಾಗೇ ಆಯಿತು” ಎನ್ನುತ್ತಾರೆ. ತಾಯಿ ಅಳುತ್ತಾಳೆ, ತಂದೆ ಸಹಿ ಹಾಕುವುದಿಲ್ಲ. ಒಂದು ರಾತ್ರಿ ಕಳೆಯುತ್ತದೆ. ಆ ಒಂದು ರಾತ್ರಿಗೆ ಮಗುವಿನ ಕಿವಿಯ, ಕಣ್ಣಿನ, ಬುದ್ಧಿಯ ಬೆಲೆ ತೆರಬೇಕಾಗಬಹುದು.

ನಿಜವೇನೆಂದರೆ, ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ. ಸೂಜಿ ಚುಚ್ಚುವುದು ಅದಕ್ಕಿಂತ ಕೆಳಗೆ. ಅಲ್ಲಿ ಇರುವುದು ನೀರು ಮತ್ತು ಅದರಲ್ಲಿ ತೇಲುವ ನರದ ಎಳೆಗಳು. ತೆಗೆಯುವುದು ಕೆಲವೇ ಮಿಲಿಲೀಟರ್, ಚಹಾ ಚಮಚದ ಲೆಕ್ಕ. ನಮ್ಮ ದೇಹ ದಿನಕ್ಕೆ ಸುಮಾರು ಅರ್ಧ ಲೀಟರಿನಷ್ಟು ಈ ನೀರನ್ನು ತಾನೇ ತಯಾರಿಸುತ್ತದೆ. ಆಮೇಲೆ ಒಂದೆರಡು ದಿನ ತಲೆನೋವು, ಬೆನ್ನುನೋವು ಬರಬಹುದು. ಅದು ಇಳಿಯುತ್ತದೆ. ಮಿದುಳಿನಲ್ಲಿ ಒತ್ತಡ ಹೆಚ್ಚಿರುವ ಸಂಶಯವಿದ್ದರೆ ಡಾಕ್ಟರು ಮೊದಲು ಸ್ಕ್ಯಾನ್ ಮಾಡಿಸುತ್ತಾರೆ. ಕಾವಲು ಕುಂದಿದವರಲ್ಲಿ ಇದು ಹೆಚ್ಚಾಗಿ ಬೇಕಾಗುತ್ತದೆ. ಕ್ರಿಪ್ಟೋಕಾಕಸ್ ರೋಗದಲ್ಲಂತೂ ನೀರು ತೆಗೆಯುವುದೇ ಚಿಕಿತ್ಸೆಯ ಭಾಗ, ತಲೆಯ ಒತ್ತಡ ಅದರಿಂದ ಇಳಿಯುತ್ತದೆ.

ಹಾಗಾದರೆ ಕಾಲು ಹೋದವರು? ಅವರ ಕಾಲು ಸೂಜಿಯಿಂದಲ್ಲ, ಸಾಮಾನ್ಯವಾಗಿ ರೋಗದಿಂದಲೇ ಹೋಗಿರುತ್ತದೆ. ನಾವು ಕೊನೆಯ ಹೊತ್ತಿಗೆ ಒಪ್ಪುತ್ತೇವೆ, ರೋಗ ಆಗಲೇ ಮುಂದೆ ಹೋಗಿರುತ್ತದೆ, ದೂರು ಮಾತ್ರ ಸೂಜಿಯ ಮೇಲೆ ಬೀಳುತ್ತದೆ.

ದುಆ ಇರಲಿ, ಗಾಡಿಯೂ ಹೊರಡಲಿ

ಜ್ವರದ ಜೊತೆ ಯಾರಾದರೂ ಅಸಂಬದ್ಧವಾಗಿ ಮಾತಾಡಿದರೆ, ಕಣ್ಣು ಮೇಲೆ ಮಾಡಿದರೆ ‘ಗಾಳಿ ಸೋಕಿದೆ’ ಎನ್ನುವುದು ಇನ್ನೂ ಹೋಗಿಲ್ಲ. ಒಬ್ಬರಿಂದ ತಾಯಿತ, ಇನ್ನೊಬ್ಬರಿಂದ ಊದಿದ ನೀರು, ಮೂರನೆಯ ದಿನ ಆಸ್ಪತ್ರೆ. ರೋಗಿಗಾಗಿ ದುಆ ಮಾಡಿ, ಬೇಡವೆಂದವರಾರು? ಆದರೆ ಚಿಕಿತ್ಸೆ ಪಡೆಯಿರೆಂದು ಪ್ರವಾದಿವರ್ಯರೇ(ಸ) ಕಲಿಸಿದ್ದಾರೆ. ದುಆವನ್ನು ಆಂಬುಲೆನ್ಸಿನಲ್ಲಿ ಕುಳಿತೂ ಮಾಡಬಹುದು.

ಇವುಗಳಲ್ಲಿ ಯಾವುದು ಕಂಡರೂ ತಡಮಾಡಬೇಡಿ:

* ಜ್ವರದೊಂದಿಗೆ ಫಿಟ್ಸ್, ಮಂಪರು, ಗೊಂದಲದ ಮಾತು.
* ತಡೆಯಲಾಗದ ತಲೆನೋವು, ಮತ್ತೆ ಮತ್ತೆ ವಾಂತಿ, ಬೆಳಕು ನೋಡಲಾಗದಿರುವುದು.
* ಗದ್ದ ಎದೆಗೆ ತಾಗದಷ್ಟು ಕುತ್ತಿಗೆ ಬಿಗಿತ.
* ಹಸುಗೂಸು ಹಾಲು ಬಿಡುವುದು, ಕೀರಲು ಅಳು, ನೆತ್ತಿ ಉಬ್ಬುವುದು. ಎಳೆಗೂಸಿಗೆ ಮೈ ತಣ್ಣಗಾಗುವುದೂ ಸೋಂಕಿನ ಲಕ್ಷಣವೇ.
* ಸಕ್ಕರೆ, ಎಚ್‌ಐವಿ, ಕ್ಯಾನ್ಸರ್ ಇದ್ದವರಿಗೆ ಬಿಡದ ಹೊಸ ತಲೆನೋವು, ಜ್ವರವಿಲ್ಲದಿದ್ದರೂ ಸರಿ.

108ಕ್ಕೆ ಫೋನ್ ಮಾಡಿ. ಹೊಸಪೇಟೆಯಿಂದ ಬಳ್ಳಾರಿಗೆ ಸುಮಾರು 60 ಕಿಲೋಮೀಟರ್. ವಿಮ್ಸ್ ಎಂದೇ ಜನ ಕರೆಯುವ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಅಲ್ಲಿದೆ. ಇನ್ನೂ ಕಠಿಣವಾದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಫಿಟ್ಸ್ ಬಂದವರನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಚಮಚವನ್ನಾಗಲಿ ನೀರನ್ನಾಗಲಿ ಹಾಕಬೇಡಿ. ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ಜೊತೆಗೆ ಒಯ್ಯಿರಿ. ಎಚ್‌ಐವಿ ಇದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ.

ಮಳೆಗಾಲ ಮತ್ತು ಅದರ ಮುಂದಿನ ತಿಂಗಳುಗಳಲ್ಲಿ ಮಕ್ಕಳಿಗೆ ಸಂಜೆಯ ಹೊತ್ತು ತುಂಬು ತೋಳಿನ ಬಟ್ಟೆ ಹಾಕಿ, ಸೊಳ್ಳೆಪರದೆಯೊಳಗೆ ಮಲಗಿಸಿ. ಹಂದಿಗಳನ್ನು ಊರ ನಡುವಿನಿಂದ ದೂರವಿಡಲು ಪುರಸಭೆಗೆ ಮಹಿಳೆಯರೇ ಸೇರಿ ಅರ್ಜಿ ಕೊಡಿ. ಮತ್ತೆ ಒಂದು ದಿನ ಆಸ್ಪತ್ರೆಯಲ್ಲಿ ಡಾಕ್ಟರು ಕಾಗದ ಚಾಚಿ, “ಬೆನ್ನಿನ ನೀರು ತೆಗೆಯಬೇಕಮ್ಮ” ಎಂದರೆ, ಹೊರಗೆ ನಿಂತ ಹತ್ತು ಜನರ ಮಾತಿಗೆ ಕಿವಿಗೊಡಬೇಡಿ. ಕೇಳಬೇಕಾದುದನ್ನು ಡಾಕ್ಟರನ್ನೇ ಕೇಳಿ, ಬಿಸ್ಮಿಲ್ಲಾಹ್ ಹೇಳಿ ಸಹಿ ಹಾಕಿ.