ಮಾತಿನ ಧರ್ಮ, ಮೌನದ ಮಕ್ಕಳು

ನಮ್ಮ ಧರ್ಮಸಾಹಿತ್ಯದ ಹೆಸರೇ ವಚನ. ವಚನವೆಂದರೆ ಮಾತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ದೋಣಿ ನಡೆಸುವ ಚೌಡಯ್ಯ, ಬಟ್ಟೆ ಮಡಿ ಮಾಡುವ ಮಾಚಯ್ಯ, ಹಗ್ಗ ಹೊಸೆಯುವ ಚಂದಯ್ಯ, ಅಕ್ಕಿ ಆಯುವ ಕಾಯಕದ ಲಕ್ಕಮ್ಮ ತಮ್ಮ ಬದುಕಿನ ಮಾತನ್ನು ಶರಣರ ನಡುವೆ ಆಡಿದರು. ಅದುವರೆಗೆ ಇವರ ಮಾತಿಗೆ ಕಿವಿಗೊಟ್ಟವರು ಇರಲಿಲ್ಲ. ಇಂದು ಅದೇ ಮಾತು ನಮಗೆ ದಾರಿದೀಪ. ಇಂಥ ಧರ್ಮದ ಮನೆಗಳಿಂದ ಬಂದ ಮಕ್ಕಳು ಬೆಂಗಳೂರಿನ ಕಾಲೇಜಿನಲ್ಲಿ ಮೊದಲ ವರ್ಷವಿಡೀ ಬಾಯಿ ಬಿಡದೆ ಕೂರುವುದನ್ನು ಕಂಡಾಗ ನಾವು ಎಲ್ಲಿ ತಪ್ಪಿದ್ದೇವೆ ಎಂದು ಕೇಳಿಕೊಳ್ಳಬೇಕಾಗಿದೆ.

ನಾನು ನಗರದ ಪೂರ್ವ ಭಾಗದಲ್ಲಿ ಪದವಿ ತರಗತಿಗಳಿಗೆ ಪಾಠ ಹೇಳುವವನು. ಹಾವೇರಿ, ಬೀದರ, ಯಾದಗಿರಿ, ಚಿತ್ರದುರ್ಗದ ಕಡೆಯಿಂದ ಬಂದ ಹುಡುಗ ಹುಡುಗಿಯರು ಪ್ರತಿವರ್ಷ ಕೊನೆಯ ಬೆಂಚು ಹುಡುಕಿ ಕೂರುತ್ತಾರೆ. ಹಾಜರಿ ಕೂಗಿದರೆ ಕೇಳಿಸೀ ಕೇಳಿಸದಂಥ ಉತ್ತರ. ಸೆಮಿಸ್ಟರ್ ಪದ್ಧತಿಯಲ್ಲಿ ಸೆಮಿನಾರಿಗೂ ಆಂತರಿಕ ಅಂಕಗಳಿರುತ್ತವೆ. ಎದ್ದು ನಿಂತು ಐದು ನಿಮಿಷ ಮಾತಾಡಲು ಹೆದರಿ ಆ ದಿನ ಕಾಲೇಜಿಗೇ ಬಾರದವರಿದ್ದಾರೆ. ಇವರು ದಡ್ಡರಲ್ಲ. ಉತ್ತರಪತ್ರಿಕೆ ತಿದ್ದುವಾಗ ಇವರ ಬುದ್ಧಿ ಕಾಣುತ್ತದೆ. ಸಂಜೆ ಮನೆಗೆ ಫೋನ್ ಮಾಡಿದಾಗ ‘ಎಲ್ಲಾ ಆರಾಮ ಐತಿ’ ಎನ್ನುತ್ತಾರೆ. ಹೆತ್ತವರು ನಂಬುತ್ತಾರೆ. ಕೆಲವರು ಎರಡನೆಯ ಸೆಮಿಸ್ಟರಿಗೆ ಮರಳಿ ಬರುವುದೇ ಇಲ್ಲ.

‘ನಾವೂ ಹಳ್ಳಿಯಿಂದ ಬಂದವರೇ, ನಮಗ್ಯಾರು ಕೈ ಹಿಡಿದರು?’ ಎಂದು ಹಿರಿಯರು ಕೇಳುತ್ತಾರೆ. ಕೈ ಹಿಡಿದವರು ಇದ್ದರು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಇದ್ದರು. ಸಿದ್ಧಗಂಗೆಯಲ್ಲಿ ಶಿವಕುಮಾರ ಶಿವಯೋಗಿಗಳು ಇದ್ದರು. ಸುತ್ತೂರಿನ ರಾಜೇಂದ್ರ ಶ್ರೀಗಳು 1941ರಲ್ಲಿ ಮೈಸೂರಿನಲ್ಲಿ ವಿದ್ಯಾರ್ಥಿನಿಲಯ ತೆರೆದರು. ಬೆಂಗಳೂರಿಗೆ ಬಂದವರಿಗೆ ಗುಬ್ಬಿ ತೋಟದಪ್ಪನವರ ದಾನದ ನೆರಳಿತ್ತು. ಪ್ರಸಾದದ ಪಂಕ್ತಿಯಲ್ಲಿ ಎಡಬಲಕ್ಕೆ ಕೂತವನ ಊರು ಯಾವುದು, ಓದು ಏನು ಎಂದು ತಾನಾಗಿಯೇ ಗೊತ್ತಾಗುತ್ತಿತ್ತು. ಬಡಿಸುವ ಸರದಿ ಬಂದಾಗ ಎಂಥ ನಾಚಿಕೆಯ ಹುಡುಗನೂ ‘ಇನ್ನಷ್ಟು ಹಾಕಲೇ?’ ಎಂದು ನೂರು ಜನರನ್ನು ಕೇಳಲೇಬೇಕಿತ್ತು. ಅನ್ನದಾಸೋಹವು ಹೊಟ್ಟೆಯ ಜೊತೆಗೆ ನಾಲಗೆಯನ್ನೂ ಸಾಕಿತು.

ಇಂದು ಕೆ.ಆರ್. ಪುರದ ಪಿ.ಜಿ.ಯಲ್ಲೋ ಇಂದಿರಾನಗರದ ಹಿಂದಿನ ಗಲ್ಲಿಯ ಬಾಡಿಗೆ ಕೋಣೆಯಲ್ಲೋ ಇರುವ ಮಗು ತಟ್ಟೆ ಹಿಡಿದು ಹಾಸಿಗೆಯ ಮೇಲೆ ಕೂತು, ಮೊಬೈಲ್ ನೋಡುತ್ತ ಉಣ್ಣುತ್ತದೆ. ಪಂಕ್ತಿ ಇಲ್ಲ. ಮಾತಿಗೆ ಎಡೆಯೂ ಇಲ್ಲ.

ಇಂಗ್ಲಿಷಿನ ಅಂಜಿಕೆಯೂ ಇದೆ. ಈ ಭಾಗ 1809ರಲ್ಲಿ ಬ್ರಿಟಿಷರು ತಮ್ಮ ಸೇನೆಗಾಗಿ ಕಟ್ಟಿದ ದಂಡು ಪ್ರದೇಶದಿಂದ ಬೆಳೆದದ್ದು. ಪೇಟೆಯ ಬೆಂಗಳೂರು, ದಂಡಿನ ಬೆಂಗಳೂರು ಎರಡೂ ಒಂದೇ ನಗರಾಡಳಿತಕ್ಕೆ ಸೇರಿದ್ದು 1949ರಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಗುವಿಗೆ ಇದು ತನ್ನ ನಾಡೇ ಹೌದೋ ಅಲ್ಲವೋ ಎನಿಸುವುದು ಸಹಜ. ಅಂಥವರಿಗೆ ನಾನು ಹೇಳುವುದು ಇಷ್ಟು: ಒಂದು ಬೆಳಿಗ್ಗೆ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ ಹೋಗಿ ನಿಲ್ಲಿ. ಹಣ್ಣು ಮಾರುವಾತ ಉರ್ದು, ತಮಿಳು, ಕನ್ನಡ, ಇಂಗ್ಲಿಷ್ ನಾಲ್ಕನ್ನೂ ಬೆರೆಸಿ, ವ್ಯಾಕರಣದ ಹಂಗಿಲ್ಲದೆ ಮಾತಾಡಿ ವ್ಯಾಪಾರ ಮುಗಿಸುತ್ತಾನೆ. ಅವನಿಗೆ ತಪ್ಪಾದೀತೆಂಬ ಭಯವಿಲ್ಲ, ಏಕೆಂದರೆ ಮಾತು ಅವನಿಗೆ ಕಾಯಕದ ಸಲಕರಣೆ. ನಮ್ಮ ಮಗುವಿಗೆ ಅದು ಪರೀಕ್ಷೆಯಾಗಿಬಿಟ್ಟಿದೆ.

ಪರೀಕ್ಷೆಯಾಗಿಸಿದವರು ಯಾರು? ಇಲ್ಲಿ ಕಾಲೇಜುಗಳನ್ನಷ್ಟೇ ದೂರಿದರೆ ಸಾಲದು. ‘ನಮ್ಮ ಹುಡುಗಿ ತಲೆ ಎತ್ತಿ ಮಾತಾಡುವವಳಲ್ಲ’ ಎಂದು ಮನೆಯಲ್ಲಿ ಹೆಮ್ಮೆಪಡುವವರು ನಾವೇ. ಅದನ್ನು ವಿನಯ ಎನ್ನುತ್ತೇವೆ. ಮಠದ ಸಮಾರಂಭದಲ್ಲಿ ವೇದಿಕೆಯ ಮೇಲೆ ಹಿರಿಯರು ಮೂರು ತಾಸು ಮಾತಾಡುತ್ತಾರೆ. ಕಿರಿಯರಿಗೆ ಇರುವ ಕೆಲಸ ಕುರ್ಚಿ ಹಾಕುವುದು, ಪಾದ ಮುಟ್ಟುವುದು, ವಚನ ಬಾಯಿಪಾಠ ಒಪ್ಪಿಸುವುದು. ಇನ್ನೊಬ್ಬರ ವಚನವನ್ನು ತಪ್ಪಿಲ್ಲದೆ ಹೇಳುವ ಮಗುವಿಗೆ ತನ್ನದೇ ಎರಡು ಮಾತು ಹೇಳುವ ಅವಕಾಶ ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಸಿಕ್ಕಿರುವುದಿಲ್ಲ. ವಿನಯ ಬೇರೆ, ಅಂಜಿಕೆ ಬೇರೆ. ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ ಮರಳಿಸಲು ಹೇಳಿದಳು. ಅವಳನ್ನು ಅವಿನಯಿ ಎಂದು ಯಾರೂ ಕರೆಯಲಿಲ್ಲ. ಉಡುತಡಿಯಿಂದ ಒಬ್ಬಳೇ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭು ಕಠಿಣವಾಗಿಯೇ ಪ್ರಶ್ನಿಸಿದ್ದನ್ನು ಶೂನ್ಯಸಂಪಾದನೆ ಹೇಳುತ್ತದೆ. ಪ್ರಶ್ನೆ ಕೇಳಿದ ಸಭೆ ಉತ್ತರಕ್ಕೆ ಕಾದಿತು; ಕೇಳಿದ ಮೇಲೆ ತಲೆಬಾಗಿತು. ಹೊಸದಾಗಿ ಬಂದವಳ ಮಾತಿಗೆ ಕಾಯುವ ತಾಳ್ಮೆ ಅನುಭವಮಂಟಪದ ದೊಡ್ಡಗುಣ.

ಆದ್ದರಿಂದ ಪೂಜ್ಯರಲ್ಲಿ, ಬಸವ ಸಂಘಟನೆಗಳ ಹಿರಿಯರಲ್ಲಿ ನನ್ನ ಬಿನ್ನಹ ಇದು. ಹೊಸ ಕಟ್ಟಡ ಬೇಡ. ಹಲಸೂರಿನಲ್ಲಿ ಒಂದು, ಕೆ.ಆರ್. ಪುರದಲ್ಲಿ ಒಂದು ಕೋಣೆ ಸಾಕು. 2023ರ ಅಕ್ಟೋಬರಿನಿಂದ ಕೆ.ಆರ್. ಪುರ, ಇಂದಿರಾನಗರ, ಹಲಸೂರುಗಳನ್ನು ನೇರಳೆ ಮಾರ್ಗದ ಮೆಟ್ರೊ ಒಂದೇ ದಾರಿಯಲ್ಲಿ ಜೋಡಿಸಿದೆ. ಬಂದು ಹೋಗುವುದು ಕಷ್ಟವಲ್ಲ. ವಾರಕ್ಕೊಮ್ಮೆ, ಭಾನುವಾರ ಸಂಜೆ, ವಿದ್ಯಾರ್ಥಿಗಳದೇ ಅನುಭಾವಗೋಷ್ಠಿ ನಡೆಯಲಿ. ಮೊದಲು ಒಟ್ಟಿಗೆ ಪ್ರಸಾದ, ಆಮೇಲೆ ಮಾತು. ಆ ವಾರ ಕಂಡದ್ದನ್ನು ಪ್ರತಿಯೊಬ್ಬರೂ ಐದು ವಾಕ್ಯಗಳಲ್ಲಿ ಹೇಳಲಿ, ತಮಗೆ ಬಂದ ಕನ್ನಡದಲ್ಲೇ ಹೇಳಲಿ. ಹೇಳಲಾಗದವರು ಮೊದಲ ವಾರ ಸುಮ್ಮನೆ ಬಡಿಸಲಿ. ಸ್ವಾಮಿಗಳು ಬರಲಿ, ಆದರೆ ಆಶೀರ್ವಚನ ನೀಡದೆ ಕೂತು ಕೇಳಲಿ. ಬಂದವರ ಒಳಪಂಗಡವನ್ನು ಯಾರೂ ಕೇಳದಿರಲಿ. ಪಕ್ಕದ ಕೋಣೆಯ ಗೆಳೆಯ ಯಾವ ಧರ್ಮದವನಾದರೂ ಅವನಿಗೂ ಎಲೆ ಇರಲಿ.

ಪ್ರತಿ ಊರಿನ ಮಠ ಇನ್ನೊಂದು ಕೆಲಸ ಮಾಡಬಹುದು. ಬೆಂಗಳೂರಿಗೆ ಓದಲು ಹೊರಟ ಮಕ್ಕಳ ಹೆಸರು ಬರೆದಿಟ್ಟುಕೊಂಡು, ಇಲ್ಲಿ ಎರಡನೆಯ, ಮೂರನೆಯ ವರ್ಷ ಓದುತ್ತಿರುವ ಒಬ್ಬೊಬ್ಬರಿಗೆ ಒಪ್ಪಿಸಬಹುದು. ಮೊದಲ ದಿನ ತರಗತಿಯ ಬಾಗಿಲವರೆಗೆ ಜೊತೆ ಬರುವ ಒಬ್ಬ ಅಣ್ಣ, ಒಬ್ಬ ಅಕ್ಕ ಇದ್ದರೆ ಅರ್ಧ ಅಂಜಿಕೆ ಅಲ್ಲೇ ಇಳಿಯುತ್ತದೆ.

ಮಕ್ಕಳೇ, ನಿಮಗೂ ಒಂದು ಮಾತು. ಒಮ್ಮೆಗೇ ಭಾಷಣಕಾರರಾಗಬೇಕಿಲ್ಲ. ಕೊನೆಯ ಬೆಂಚಿನಿಂದ ಎರಡನೆಯದಕ್ಕೆ ಬನ್ನಿ. ವಾರಕ್ಕೆ ಒಂದು ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೇಳಿ. ತರಗತಿಯಲ್ಲಿ ಆಗದಿದ್ದರೆ ಪಾಠ ಮುಗಿದ ಮೇಲೆ ಮೇಷ್ಟ್ರ ಹತ್ತಿರ ಬಂದು ಕೇಳಿ. ದಿನಕ್ಕೆ ಒಂದು ಹೊತ್ತಾದರೂ ಇನ್ನೊಬ್ಬರ ಜೊತೆ ಉಣ್ಣಿ. ಸ್ವಭಾವದಿಂದ ಮಿತಭಾಷಿಗಳಾಗಿದ್ದರೆ ಹಾಗೆಯೇ ಇರಿ, ಅದೇನೂ ಕುಂದಲ್ಲ. ಹೇಳಬೇಕೆನಿಸಿದ್ದು ಅಂಜಿಕೆಯಿಂದ ಗಂಟಲಲ್ಲೇ ಉಳಿಯಬಾರದು, ಅಷ್ಟೇ.

ಶತಮಾನದ ಹಿಂದೆ ನಮ್ಮ ಮಠಗಳು ಹಸಿದ ಮಕ್ಕಳನ್ನು ಗುರುತಿಸಿ ಅನ್ನವಿಟ್ಟವು, ಅಕ್ಷರ ಕೊಟ್ಟವು. ಇಂದಿನ ಮಕ್ಕಳ ಹಸಿವು ಮುಖ ನೋಡಿದರೆ ತಿಳಿಯುವಂಥದ್ದಲ್ಲ, ಕೂತು ಕೇಳಬೇಕು. ಮುಂದಿನ ಪ್ರವೇಶದ ಹೊತ್ತಿಗೆ ಆ ಎರಡು ಕೋಣೆಗಳು ತೆರೆದಿರಲಿ.